ಚಿತ್ರಗಾರನ ಕೊಲೆ ಮತ್ತು ನಮ್ಮ ನಾಲಿಗೆ

(ಬಜಗೋಳಿಯ ಮಸೀದಿಯಲ್ಲಿ ಜುಮಾ ಖುತ್ಬಾಕ್ಕೆ ಮುನ್ನ ನೀಡಿದ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಸಲಾತ್ ಮತ್ತು ಸಲಾಮ್ ಪ್ರವಾದಿ ಮುಹಮ್ಮದ್ (ಸ.ಅ.) ಅವರ ಮೇಲೂ, ಅವರ ಕುಟುಂಬ ಮತ್ತು ಸಹಾಬಿಗಳ ಮೇಲೂ ಇರಲಿ.

ಪ್ರೀತಿಯ ಸತ್ಯವಿಶ್ವಾಸಿಗಳೇ, ತಖ್ವಾ ಪಾಲಿಸಬೇಕೆಂದು ಮೊದಲು ನಮಗೂ ಬಳಿಕ ನಿಮಗೂ ವಸಿಯ್ಯತ್ ಮಾಡುತ್ತೇವೆ. ಪ್ರತಿ ಶುಕ್ರವಾರ ಈ ಮಾತು ಹೇಳುತ್ತೇವೆ. ಅದರಲ್ಲಿ ‘ಮೊದಲು ನಮಗೆ’ ಎಂಬ ಭಾಗ ಎಷ್ಟು ಭಾರದ್ದು ಎಂಬುದು ಈ ಮಳೆಗಾಲದಲ್ಲಿ ಒಂದು ಕಾದಂಬರಿ ಓದಿದಾಗ ಗೊತ್ತಾಯಿತು. ಇಂದಿನ ಮಾತು ಆ ಕಾದಂಬರಿಯಿಂದ ಶುರುವಾಗುತ್ತದೆ. ಕೊನೆಯಲ್ಲಿ ನಿಮ್ಮೆಲ್ಲರ ಮುಂದೆ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಲಿಕ್ಕಿದೆ.

ಮಳೆ ಹಿಡಿದ ಮೊದಲ ವಾರ. ಮಗ್ರಿಬ್ ಮುಗಿದ ಮೇಲೆ ನಮ್ಮ ಜಮಾಅತಿನ ಸಹೋದರರೊಬ್ಬರು ಕೋಣೆಗೆ ಬಂದರು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ್ದ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು. “ಉಸ್ತಾದ್, ಮಗಳು ಕಾಲೇಜಿನಿಂದ ತಂದದ್ದು. ಇಂಗ್ಲಿಷ್ ಕಾದಂಬರಿಯಂತೆ. ಇದರಲ್ಲಿ ಕುರ್‌ಆನಿನ ಆಯತ್ ಕೂಡ ಉಂಟು, ಕೊಲೆ ಕೂಡ ಉಂಟು, ಚಿತ್ರ ಬರೆಯುವವರ ಕಥೆಯೂ ಉಂಟು ಅಂತ ಹೇಳ್ತಾಳೆ. ಇದು ಮನೆಯಲ್ಲಿ ಇಡಬಹುದಾ? ನೀವೊಮ್ಮೆ ನೋಡಿ ಹೇಳಿ” ಎಂದರು.

ಓದದೆ ಉತ್ತರ ಕೊಡುವುದು ಸುಲಭವಿತ್ತು. ‘ಬೇಡ’ ಎಂಬುದಕ್ಕೆ ಎರಡೇ ಅಕ್ಷರ ಸಾಕು. ಆದರೆ ದರ್ಸ್‌ನಲ್ಲಿ ನಮ್ಮ ಉಸ್ತಾದರು ಮೊದಲು ಕಲಿಸಿದ ಶಿಸ್ತು, ಕಿತಾಬು ತೆರೆಯದೆ ಮಸ್‌ಅಲ ಹೇಳಬಾರದು ಎಂಬುದು. ಹಾಗಾಗಿ ಪುಸ್ತಕ ಇಟ್ಟುಕೊಂಡೆವು. ಬಿ.ಎ.ಯಲ್ಲಿ ಕಲಿತ ಇಂಗ್ಲಿಷ್ ಅಷ್ಟಕ್ಕಷ್ಟೆ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಇಶಾ ಬಳಿಕ ದಿನಕ್ಕೆ ಇಷ್ಟಿಷ್ಟು ಎಂದು, ಕರೆಂಟ್ ಇಲ್ಲದ ರಾತ್ರಿ ಚಾರ್ಜರ್ ಲೈಟಿನಲ್ಲಿ, ಒಂದು ತಿಂಗಳು ಓದಿದೆವು.

ಪುಸ್ತಕದ ಹೆಸರು ‘ಮೈ ನೇಮ್ ಈಸ್ ರೆಡ್’. ಕನ್ನಡದಲ್ಲಿ ಹೇಳುವುದಾದರೆ ‘ನನ್ನ ಹೆಸರು ಕೆಂಪು’. ಬರೆದವರು ಇಸ್ತಾಂಬುಲಿನ ಓರ್ಹಾನ್ ಪಾಮುಕ್. 1998ರಲ್ಲಿ ತುರ್ಕಿ ಭಾಷೆಯಲ್ಲಿ ಬಂತು, 2001ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. ಬರೆದವರಿಗೆ 2006ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು. ಕಥೆ ನಡೆಯುವುದು 1591ರಲ್ಲಿ, ಹಿಜರಿ ಒಂದು ಸಾವಿರ ತುಂಬುವ ಹೊತ್ತಿಗೆ, ಉಸ್ಮಾನಿಯಾ ಸುಲ್ತಾನ್ ಮೂರನೇ ಮುರಾದರ ಇಸ್ತಾಂಬುಲಿನಲ್ಲಿ. ಅದೇ ಕಾಲದಲ್ಲಿ ನಮ್ಮ ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹ್ ಆಳುತ್ತಿದ್ದರು ಎಂದು ನೆನಪಿಟ್ಟುಕೊಂಡರೆ ಕಾಲದ ಅಂದಾಜು ಸಿಗುತ್ತದೆ.

ಕಥೆ ಹೀಗಿದೆ. ಸುಲ್ತಾನರಿಗಾಗಿ ಗುಟ್ಟಾಗಿ ಒಂದು ಗ್ರಂಥ ತಯಾರಾಗುತ್ತಿದೆ. ಅದರ ಚಿತ್ರಗಳನ್ನು ಯುರೋಪಿನವರ ರೀತಿಯಲ್ಲಿ ಬರೆಸಲಾಗುತ್ತಿದೆ ಎಂಬ ಸುದ್ದಿ ಹಬ್ಬುತ್ತದೆ. ಗ್ರಂಥಕ್ಕೆ ಬಂಗಾರದ ಅಲಂಕಾರ ಮಾಡುವ ಕುಶಲಕರ್ಮಿಗೆ, ತಾನು ದೀನ್‌ಗೆ ವಿರುದ್ಧವಾದ ಕೆಲಸದಲ್ಲಿ ಸಿಕ್ಕಿಕೊಂಡೆನೋ ಎಂಬ ಭಯ ಹುಟ್ಟುತ್ತದೆ. ಅವನನ್ನು ಜೊತೆಯ ಚಿತ್ರಗಾರನೊಬ್ಬ ಕೊಂದು ಪಾಳುಬಾವಿಗೆ ಎಸೆಯುತ್ತಾನೆ. ಮೊದಲ ಅಧ್ಯಾಯದಲ್ಲಿ ಮಾತಾಡುವುದೇ ಆ ಹೆಣ. ಮುಂದೆ ನಾಯಿ, ಮರ, ಚಿನ್ನದ ನಾಣ್ಯ, ಕೆಂಪು ಬಣ್ಣ ಎಲ್ಲವೂ ಸರದಿಯಲ್ಲಿ ಮಾತಾಡುತ್ತವೆ. ಹೆಣದ ಬಳಿ ಸಿಕ್ಕಿದ ಕುದುರೆಯ ಚಿತ್ರವೊಂದರಲ್ಲಿ ಮೂಗಿನ ಹೊಳ್ಳೆ ಬರೆದ ರೀತಿಯೇ ಕೊಲೆಗಾರನ ಗುರುತು. ಅದು ಯಾರ ಕೈ ಎಂದು ತಿಳಿಯಲು ವೃದ್ಧ ಗುರು ಉಸ್ಮಾನ್ ಅರಮನೆಯ ಖಜಾನೆಯಲ್ಲಿ ಹಳೆಯ ಗ್ರಂಥಗಳ ಪುಟ ತಿರುವುತ್ತಾನೆ. ಈ ಗುರು ಪೂರ್ತಿ ಕಲ್ಪನೆಯಲ್ಲ. ನಕ್ಕಾಶ್ ಉಸ್ಮಾನ್ ಎಂಬ ಚಿತ್ರಶಾಲೆಯ ಮುಖ್ಯಸ್ಥ ಆ ಕಾಲದಲ್ಲಿ ನಿಜವಾಗಿ ಇದ್ದವನು. ಕೊಲೆಗಾರ ಯಾರು ಎಂದು ನಾವು ಹೇಳುವುದಿಲ್ಲ. ಆ ಮಗಳು ಇನ್ನೂ ಓದಿ ಮುಗಿಸಿಲ್ಲ.

ಪುಸ್ತಕದಲ್ಲಿ ಎಲ್ಲವೂ ಒಳ್ಳೆಯದೇ ಎಂದು ಹೇಳುತ್ತಿಲ್ಲ. ಚಿಕ್ಕ ಮಕ್ಕಳ ಕೈಗೆ ಕೊಡಲಾಗದ ಪುಟಗಳಿವೆ, ನಾವು ಒಪ್ಪದ ಮಾತುಗಳಿವೆ. ಆದರೆ ಮೊದಲ ಪುಟದಲ್ಲೇ ಮೂರು ಆಯತ್‌ಗಳ ಉಲ್ಲೇಖ ಕಂಡು ಕುಳಿತಲ್ಲೇ ನೇರವಾದೆವು. ಒಂದು ಅಲ್ ಬಖರದ 72ನೇ ಆಯತ್: ಬನೂ ಇಸ್ರಾಈಲರು ಒಬ್ಬನನ್ನು ಕೊಂದು, ಆಮೇಲೆ ನೀನು ಮಾಡಿದ್ದು, ನಾನಲ್ಲ ಎಂದು ಒಬ್ಬರ ಮೇಲೊಬ್ಬರು ಹಾಕಿಕೊಂಡ ಪ್ರಸಂಗ. ಇನ್ನೊಂದು ಫಾತಿರ್ ಸೂರಾದ 19ನೇ ಆಯತ್, ಕಣ್ಣಿದ್ದವನೂ ಕುರುಡನೂ ಸಮಾನರಲ್ಲ ಎಂದು ತಿಳಿಸುವಂಥದ್ದು. ಮತ್ತೊಂದು ಅಲ್ ಬಖರದ್ದೇ 115, ಪೂರ್ವವೂ ಪಶ್ಚಿಮವೂ ಅಲ್ಲಾಹನದ್ದೇ ಎಂದು ನೆನಪಿಸುವುದು. ಕೊಲೆಯ ಕಥೆಗೆ ಈ ಮೂರನ್ನೇ ಏಕೆ ಆರಿಸಿದರು ಎಂಬುದು ಪುಸ್ತಕ ಮುಗಿಸಿದಾಗ ಅರ್ಥವಾಗುತ್ತದೆ.

ಸಹೋದರರೇ, ಈ ಕಲೆ ಯಾವುದು ಎಂದು ಸ್ವಲ್ಪ ತಿಳಿದುಕೊಳ್ಳೋಣ. ನಾವು ಇರುವುದು ಕಲ್ಲಿನ ಕೆತ್ತನೆಯ ನಾಡಿನಲ್ಲಿ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ನೆರೆಯವರ ಕಲೆ ಆ ದಾರಿಯಲ್ಲಿ ಬೆಳೆಯಿತು. ನಮ್ಮ ಹಿರಿಯರು ಮಸೀದಿಯೊಳಗೆ ಜೀವಿಗಳ ರೂಪ ಬೇಡವೆಂದು ಅಕ್ಷರ, ಹೂಬಳ್ಳಿ, ರೇಖಾಗಣಿತ ಈ ಮೂರನ್ನು ಹಿಡಿದರು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಗೆ ಹೋದವರು ಅಲ್ಲಿನ ಮರದ ಕಂಬ, ಬಾಗಿಲುಗಳ ಕೆತ್ತನೆ ನೋಡಿರಬಹುದು. ಬಿಜಾಪುರದ ಇಬ್ರಾಹಿಂ ರೌಝಾದಲ್ಲಿ ಕಲ್ಲಿನ ಕಿಟಕಿಯ ಜಾಲರಿಯೇ ಅರಬಿ ಅಕ್ಷರಗಳಿಂದ ಆಗಿದೆ. ಬೆಳಕು ಅಕ್ಷರಗಳ ನಡುವಿನಿಂದ ಒಳಗೆ ಬರುತ್ತದೆ. ಅಲ್ಲಿನ ಜಾಮಿಯಾ ಮಸೀದಿಯ ಮಿಹ್ರಾಬಿಗೆ 1636ರಲ್ಲಿ ಬಂಗಾರದ ಲೇಪ, ಬಣ್ಣ, ಅಕ್ಷರಗಳ ಅಲಂಕಾರವಾಯಿತು. ಬೀದರಿನ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಗೆರೆ ಕೊರೆದು, ಬೆಳ್ಳಿ ತುಂಬಿಸಿ, ಕೋಟೆಯೊಳಗಿನ ಮಣ್ಣಿನಿಂದ ಲೋಹವನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಈ ಬಿದರಿ ಕೆಲಸಕ್ಕಾಗಿ 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ದೊರೆಯಿತು.

ಅಕ್ಷರದ ಕಲೆಗೂ ಲೆಕ್ಕವಿದೆ. ಬಾಗ್ದಾದಿನ ವಝೀರ್ ಇಬ್ನು ಮುಖ್ಲ, ಲೇಖನಿಯ ಮೊನೆಯಿಂದ ಬೀಳುವ ಒಂದು ಚುಕ್ಕೆಯನ್ನೇ ಅಳತೆಯಾಗಿಟ್ಟುಕೊಂಡು ಅಲಿಫ್ ಎಷ್ಟು ಉದ್ದ, ಉಳಿದ ಅಕ್ಷರಗಳ ಬಾಗು ಎಷ್ಟು ಎಂದು ನಿಯಮ ಮಾಡಿದರು. ಅಧಿಕಾರದ ಜಗಳದಲ್ಲಿ ವಿರೋಧಿಗಳು ಅವರ ಬಲಗೈಯನ್ನೇ ಕತ್ತರಿಸಿಹಾಕಿದರು. 940ರಲ್ಲಿ ಅವರು ತೀರಿಕೊಂಡದ್ದು ಸೆರೆಮನೆಯಲ್ಲಿ. ಕಲೆ ಸುಂದರವಾಗಿದ್ದಷ್ಟಕ್ಕೆ ಅದರ ಸುತ್ತಲಿನ ಮನಸ್ಸುಗಳು ಸುಂದರವಾಗುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ನಮ್ಮ ನಾಡಿನಲ್ಲೂ ಇಂಥದ್ದೊಂದು ಕೊಲೆ ನಡೆದಿದೆ. ಅದು ಕಾದಂಬರಿಯಲ್ಲ, ಚರಿತ್ರೆ.

ಬೀದರಿನ ಮಹ್ಮೂದ್ ಗವಾನ್ ಮದ್ರಸದ ಹೆಸರು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತಿರಬೇಕು. 1472ರಲ್ಲಿ ಕಟ್ಟಿದ್ದು. ಮುಂಭಾಗದ ಗೋಡೆ, ಮಿನಾರಗಳ ಮೇಲೆಲ್ಲ ನೀಲಿ, ಹಸಿರು, ಹಳದಿ, ಬಿಳಿ ಹೆಂಚುಗಳ ಕೆಲಸ, ಅಕ್ಷರಗಳ ಸಾಲು. ಅದರ ಗ್ರಂಥಾಲಯದಲ್ಲಿ ಮೂರು ಸಾವಿರ ಗ್ರಂಥಗಳಿದ್ದುವೆಂದು ಇತಿಹಾಸಕಾರರು ಬರೆದಿದ್ದಾರೆ. 1696ರ ಸುಮಾರಿಗೆ ಅಲ್ಲಿಟ್ಟಿದ್ದ ಮದ್ದು ಸಿಡಿದು ಅರ್ಧ ಕಟ್ಟಡ ಬಿತ್ತು. ಉಳಿದ ಒಂದು ಮಿನಾರದ ಮೇಲೆ ಅಲ್ಲಲ್ಲಿ ಆ ಹೆಂಚುಗಳು ಇನ್ನೂ ಇವೆ.

ಅದನ್ನು ಕಟ್ಟಿಸಿದ ಮಹ್ಮೂದ್ ಗವಾನ್ ಇರಾನಿನ ಗೀಲಾನಿನಿಂದ ಬಂದು ಬಹ್ಮನಿ ರಾಜ್ಯದ ವಝೀರ್ ಆದವರು. ಪತ್ರ ಬರೆಯುವ ಕಲೆಯ ಬಗ್ಗೆಯೇ ಗ್ರಂಥ ರಚಿಸಿದ ವಿದ್ವಾಂಸರು. ದೊಡ್ಡ ಹುದ್ದೆಯಲ್ಲಿದ್ದರೂ ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದರು ಎಂದು ಫಿರಿಷ್ತಾ ಬರೆಯುತ್ತಾರೆ. ಆಸ್ಥಾನದಲ್ಲಿ ಎರಡು ಪಂಗಡಗಳಿದ್ದವು: ದಖ್ಖನಿನವರು ಮತ್ತು ಹೊರಗಿನಿಂದ ಬಂದವರು. ಎರಡೂ ಕಡೆಯವರು ಒಂದೇ ಕಿಬ್ಲಾಕ್ಕೆ ಮುಖ ಮಾಡುವವರು. ಹೊಟ್ಟೆಕಿಚ್ಚು ಎಷ್ಟು ಬೆಳೆಯಿತೆಂದರೆ, ಕೆಲವರು ಗವಾನರ ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ಒಡಿಶಾದ ರಾಜನಿಗೆ ದಂಡೆತ್ತಿ ಬಾ ಎಂದು ಕರೆದಂತೆ ಪತ್ರ ಬರೆದು ಸುಲ್ತಾನ್ ಮೂರನೇ ಮುಹಮ್ಮದ್ ಶಾಹನ ಮುಂದಿಟ್ಟರು. ಮುದ್ರೆ ನನ್ನದೇ, ಆದರೆ ಬರಹ ನನ್ನದಲ್ಲ ಎಂದು ಗವಾನ್ ಹೇಳಿದರು. ಸುಲ್ತಾನ ವಿಚಾರಿಸಲಿಲ್ಲ. 1481ರ ಏಪ್ರಿಲಿನಲ್ಲಿ, ಎಪ್ಪತ್ತು ದಾಟಿದ್ದ ಆ ವೃದ್ಧನ ತಲೆ ಕಡಿಸಿದ. ಸತ್ಯ ತಿಳಿದು ಕೊರಗಿದ ಸುಲ್ತಾನನೂ ಒಂದು ವರ್ಷದೊಳಗೆ ತೀರಿಕೊಂಡ. ಆ ಬಳಿಕ ರಾಜ್ಯ ಒಡೆಯುತ್ತಾ ಹೋಗಿ ಐದು ತುಂಡಾಯಿತು.

ಪತ್ರ ಬರೆಯುವ ಕಲೆ ಕಲಿಸಿದ ಮನುಷ್ಯನನ್ನು ಒಂದು ಸುಳ್ಳು ಪತ್ರ ಕೊಂದಿತು. ಸುದ್ದಿ ತಂದವನು ನಂಬಿಕಸ್ಥನಲ್ಲದಿದ್ದರೆ ವಿಚಾರಿಸಿ ನೋಡಿ, ಇಲ್ಲದಿದ್ದರೆ ತಿಳಿಯದೆ ಒಂದು ಜನಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಅಲ್ ಹುಜುರಾತ್ ಸೂರಾದ 6ನೇ ಆಯತಿನಲ್ಲಿದೆ. ಸುಲ್ತಾನನೂ ಅದನ್ನು ಓದಿದ್ದಿರಬಹುದು. ನಮ್ಮ ಕಿಸೆಯಲ್ಲೂ ಈಗ ಒಂದೊಂದು ಮುದ್ರೆ ಇದೆ; ವಾಟ್ಸ್ಆಪಿನಲ್ಲಿ ಬಂದದ್ದನ್ನು ನೋಡದೆ ಮುಂದಕ್ಕೆ ಕಳಿಸುವಾಗ ಖಾಲಿ ಕಾಗದಕ್ಕೆ ಮುದ್ರೆ ಒತ್ತಿದವನ ಕೆಲಸವನ್ನೇ ಮಾಡುತ್ತೇವೆ.

ಈಗ ಕಾದಂಬರಿಗೆ ವಾಪಸು ಬರೋಣ. ಅದರಲ್ಲಿ ನಮ್ಮನ್ನು ನಿದ್ದೆಗೆಡಿಸಿದ್ದು ಕೊಲೆಗಾರನಲ್ಲ. ಅದರಲ್ಲಿ ನಮ್ಮಂಥ ಒಬ್ಬ ಪ್ರವಚನಕಾರನಿದ್ದಾನೆ. ಎರ್ಝುರುಮ್ ಊರಿನವನು. ನಾಡಿನ ಕಷ್ಟಕ್ಕೆಲ್ಲ ಕಾಫಿ, ಚಿತ್ರ, ದರ್ವೇಶಿಗಳೇ ಕಾರಣ ಎಂದು ಬೋಧಿಸುತ್ತಾನೆ. ಅವನು ಯಾರನ್ನೂ ಕೊಲ್ಲುವುದಿಲ್ಲ. ಆದರೆ ಅವನ ಮಾತು ಕೇಳಿದ ಕುಶಲಕರ್ಮಿಗೆ ಭಯ ಹತ್ತುತ್ತದೆ. ಆ ಭಯ ಹತ್ತಿದವನು ಬಾಯಿ ಬಿಟ್ಟರೆ ನಮ್ಮೆಲ್ಲರ ಮೇಲೆ ಜನ ಬೀಳುತ್ತಾರೆ ಎಂಬ ಇನ್ನೊಂದು ಭಯದಿಂದ ಕೊಲೆಗಾರನ ಕೈ ಮೇಲೇಳುತ್ತದೆ. ಕೊನೆಗೆ ಪ್ರವಚನ ಕೇಳಿದ ಗುಂಪು ಕಾಫಿ ಅಂಗಡಿಗೆ ನುಗ್ಗಿ ಕಥೆ ಹೇಳುವವನೊಬ್ಬನ ಜೀವ ತೆಗೆಯುತ್ತದೆ. ಆ ಪ್ರವಚನಕಾರ ಆ ರಾತ್ರಿ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಿದ್ದಿರಬೇಕು. ಆ ಪುಟ ಮುಚ್ಚಿದಾಗ ನಮಗೆ ನೆನಪಾದದ್ದು ಇದೇ ಮಿಂಬರ್, ಕೆಲವು ವರ್ಷ ಹಿಂದಿನ ಒಂದು ಶುಕ್ರವಾರ.

ಈ ಊರಿನ ಹುಡುಗನೊಬ್ಬ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಚಿತ್ರ ಬರೆಯುವ ಕೈ ಅಲ್ಲಾಹನು ಅವನಿಗೆ ಕೊಟ್ಟಿದ್ದ. ತೀರಿಕೊಂಡ ಅಜ್ಜಿಯ ಮುಖವನ್ನು ಪೆನ್ಸಿಲಿನಲ್ಲಿ ಬರೆದ. ಅದು ಯಾರದೋ ಫೋನಿನಿಂದ ನಮ್ಮ ಫೋನಿಗೆ ಬಂತು. ಅವನನ್ನು ಕರೆಸಿ ಒಂದು ಮಾತು ಕೇಳಲಿಲ್ಲ. ಮರುದಿನ ಶುಕ್ರವಾರ. ಜೀವಿಗಳ ರೂಪ ರಚಿಸುವವರಿಗೆ ಪರಲೋಕದಲ್ಲಿ ಇರುವ ಶಿಕ್ಷೆಯನ್ನು ಗಟ್ಟಿ ದನಿಯಲ್ಲಿ ವಿವರಿಸಿದೆವು. ಹೆಸರು ಹೇಳಲಿಲ್ಲ. ತಪ್ಪು ಮಾಡಿದವರ ಹೆಸರೆತ್ತದೆ, ಕೆಲವರು ಹೀಗೇಕೆ ಮಾಡುತ್ತಾರೆ ಎಂದು ಪ್ರವಾದಿ (ಸ.ಅ.) ಅವರು ಹೇಳುತ್ತಿದ್ದರಲ್ಲ, ನಾವೂ ಸುನ್ನತ್ತನ್ನೇ ಪಾಲಿಸಿದೆವು ಎಂದು ಸಮಾಧಾನಪಟ್ಟುಕೊಂಡೆವು. ಆದರೆ ಬಜಗೋಳಿಯಂಥ ಊರಿನಲ್ಲಿ ಹೆಸರು ಹೇಳಬೇಕಾಗಿಲ್ಲ. ಮೂರನೇ ಸಫ್ಫಿನ ಕಡೆಗೆ ಎಷ್ಟು ತಲೆಗಳು ತಿರುಗಿದವು ಎಂದು ನಾವು ಮಿಂಬರಿನಿಂದಲೇ ನೋಡಿದೆವು. ನೋಡಿಯೂ ಮಾತು ನಿಲ್ಲಿಸಲಿಲ್ಲ. ಮುಂದಿನ ವಾರದಿಂದ ಅವನು ಜುಮಾಕ್ಕೆ ಕಾರ್ಕಳಕ್ಕೆ ಹೋಗತೊಡಗಿದ.

ಸಹೋದರರೇ, ಮಸ್‌ಅಲ ಬದಲಾಗಿಲ್ಲ. ಜೀವವಿರುವವುಗಳ ರೂಪ ರಚಿಸುವ ಬಗ್ಗೆ ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆ ಇದೆ. ವಿವರಗಳಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವೂ ಇದೆ. ನಮ್ಮ ತಪ್ಪು ಇದ್ದದ್ದು ಹೇಳಿದ ರೀತಿಯಲ್ಲಿ. ಸಹೀಹುಲ್ ಬುಖಾರಿಯಲ್ಲಿ ಬರುವ ಪ್ರಸಂಗ ದರ್ಸ್‌ನಲ್ಲಿ ಎಷ್ಟು ಸಲ ಓದಿದ್ದೇವೆ! ಇಬ್ನು ಅಬ್ಬಾಸ್ (ರ.ಅ.) ಅವರ ಬಳಿ ಒಬ್ಬ ಬಂದ. ನನ್ನ ಜೀವನ ಸಾಗುವುದು ಈ ಕೈಕೆಲಸದಿಂದ, ಚಿತ್ರಗಳನ್ನು ಮಾಡುತ್ತೇನೆ ಎಂದ. ಅವರು ತಾವು ಪ್ರವಾದಿಯವರಿಂದ ಕೇಳಿದ ಹದೀಸನ್ನು ಹೇಳಿದರು. ಅದನ್ನು ಕೇಳಿ ಆ ಮನುಷ್ಯನಿಗೆ ಉಸಿರು ಕಟ್ಟಿದಂತಾಯಿತು, ಮುಖ ಬಿಳಿಚಿತು. ಇಬ್ನು ಅಬ್ಬಾಸರು ಆ ಮುಖವನ್ನು ನೋಡಿದರು. ಮಾಡಲೇಬೇಕಾದರೆ ಮರಗಳನ್ನು, ಜೀವವಿಲ್ಲದ ವಸ್ತುಗಳನ್ನು ಮಾಡು ಎಂದು ದಾರಿ ತೋರಿಸಿದರು.

ಮಸ್‌ಅಲ ಹೇಳಿದರು, ಮುಖ ನೋಡಿದರು, ದಾರಿ ಕೊಟ್ಟರು. ನಾವು ಮೊದಲನೆಯದನ್ನು ಮಾತ್ರ ಮಾಡಿದೆವು, ಅದನ್ನೂ ಮೈಕಿನಲ್ಲಿ ಮಾಡಿದೆವು.

ಕಳೆದ ವಾರ ಅವನನ್ನು ಹುಡುಕಿಕೊಂಡು ಹೋದೆವು. ಈಗ ಬೋರ್ಡು, ಬ್ಯಾನರ್ ಡಿಸೈನ್ ಮಾಡುವ ಅಂಗಡಿಯಲ್ಲಿ ಕೆಲಸ. ನಮ್ಮನ್ನು ಕಂಡು ಎದ್ದು ನಿಂತು ಸಲಾಮ್ ಹೇಳಿದ, ಕುರ್ಚಿ ಎಳೆದು ಕೊಟ್ಟ. “ಮೋನೇ, ಆವತ್ತು ನಮ್ಮಿಂದ ತಪ್ಪಾಯಿತು. ನಿನ್ನನ್ನು ಕೇಳದೆ ಮಾತಾಡಿದೆವು. ಕ್ಷಮಿಸಬೇಕು” ಎಂದೆವು. ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: “ಉಸ್ತಾದ್, ಅಜ್ಜಿಯದ್ದು ಒಂದು ಫೋಟೋ ಇರಲಿಲ್ಲ. ಮುಖ ಮರೆತು ಹೋಗುವ ಮೊದಲು ಬರೆದಿಟ್ಟದ್ದು. ನೀವು ಕೋಣೆಗೆ ಕರೆದು ಬೇಡ ಅಂದಿದ್ದರೆ ನಾನು ಕೇಳ್ತಿದ್ದೆ. ಮೈಕಿನ ಸ್ವರ ನಮ್ಮ ಮನೆವರೆಗೆ ಬರ್ತದೆ. ಅವತ್ತು ಉಮ್ಮ ಕೂಡ ಕೇಳಿದರು.”

ಇದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮಿಂಬರಿನಿಂದ ಇಳಿದ ಮಾತು ಎಷ್ಟು ದೂರ ಹೋಗುತ್ತದೆ ಎಂದು ಆ ಹುಡುಗ ನಮಗೆ ಕಲಿಸಿದ.

ಹೊರಡುವಾಗ, ಮದ್ರಸದ ಗೋಡೆಗೆ ಒಳ್ಳೆಯ ಅರಬಿ ಅಕ್ಷರಗಳು ಬೇಕು, ನಿನ್ನ ಕೈಯಿಂದ ಆಗಬಹುದಾ ಎಂದು ಕೇಳಿದೆವು. “ನೋಡುವ ಉಸ್ತಾದ್” ಎಂದ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನಾವು ಒತ್ತಾಯ ಮಾಡಲಿಲ್ಲ. ಗಾಯ ಮಾಡಿದವನು ಕ್ಷಮೆ ಕೇಳಬಹುದು, ಅದು ಯಾವಾಗ ಮಾಯಬೇಕು ಎಂದು ಹೇಳುವ ಹಕ್ಕು ಅವನಿಗಿಲ್ಲ. ಆದರೆ ಮೈಕಿನಲ್ಲಿ ಆದ ತಪ್ಪನ್ನು ಅಂಗಡಿಯ ಮೂಲೆಯಲ್ಲಿ ಮಾತ್ರ ತಿದ್ದಿದರೆ ಸಾಲದು. ಅದಕ್ಕೇ ಇಂದು ಇದೇ ಮೈಕಿನಲ್ಲಿ, ಆ ಮನೆಯವರೆಗೆ ಕೇಳುವಂತೆ ಹೇಳುತ್ತಿದ್ದೇವೆ: ಅಂದು ತಪ್ಪು ನಮ್ಮದು. ಅಂದು ತಲೆ ತಿರುಗಿಸಿ ನೋಡಿದವರೂ, ಚಿತ್ರವನ್ನು ಫೋನಿನಿಂದ ಫೋನಿಗೆ ಕಳಿಸಿದವರೂ ತಮ್ಮ ಪಾಲನ್ನು ಯೋಚಿಸಿಕೊಳ್ಳಿ.

ಒಳ್ಳೆಯ ಬಟ್ಟೆ, ಒಳ್ಳೆಯ ಚಪ್ಪಲಿ ಇಷ್ಟಪಡುವುದು ಅಹಂಕಾರವೇ ಎಂಬ ಪ್ರಶ್ನೆ ಬಂದಾಗ ಪ್ರವಾದಿ (ಸ.ಅ.) ಅವರು, ಅಲ್ಲಾಹನು ಸೌಂದರ್ಯವನ್ನು ಇಷ್ಟಪಡುವವನು ಎಂದು ತಿಳಿಸಿ, ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರ ಎಂದು ವಿವರಿಸಿದರು. ಸಹೀಹ್ ಮುಸ್ಲಿಮಿನಲ್ಲಿ ಈ ಹದೀಸ್ ಇದೆ. ಸೌಂದರ್ಯದ ವಿಷಯ ಮಾತಾಡುವಾಗಲೇ ಅಹಂಕಾರದ ಎಚ್ಚರಿಕೆಯೂ ಬಂದದ್ದನ್ನು ಗಮನಿಸಿ. ಸುಂದರವಾದದ್ದನ್ನು ಮಾಡುವವನಿಗೂ ಅಪಾಯವಿದೆ, ಅದನ್ನು ತಪ್ಪೆಂದು ತಿದ್ದಲು ಹೊರಟವನಿಗೂ ಅಪಾಯವಿದೆ. ಎರಡನೆಯ ಅಪಾಯ ನಮಗೆ ಕಾಣುವುದು ಕಡಿಮೆ, ಏಕೆಂದರೆ ಅದು ದೀನಿನ ಉಡುಪು ತೊಟ್ಟು ಬರುತ್ತದೆ.

ಕಾದಂಬರಿಯ ಚಿತ್ರಗಾರ ಎಷ್ಟು ಅಡಗಿಸಿದರೂ ಕುದುರೆಯ ಮೂಗಿನ ಗೆರೆಯಲ್ಲಿ ಸಿಕ್ಕಿಬಿದ್ದ. ಬಾಯಿಗೆ ಮುದ್ರೆ ಬಿದ್ದು ಕೈಗಳು ಮಾತಾಡುವ, ಕಾಲುಗಳು ಸಾಕ್ಷಿ ಹೇಳುವ ದಿನವೊಂದು ಬರಲಿದೆ ಎಂದು ಯಾಸೀನ್ ಸೂರಾದ 65ನೇ ಆಯತಿನಲ್ಲಿ ಓದುತ್ತೇವೆ. ಆ ದಿನ ನಮ್ಮ ಕೈ ಏನು ಬರೆಯಿತು, ಏನನ್ನು ಯಾರಿಗೆ ಕಳಿಸಿತು, ಎಲ್ಲವೂ ಹೊರಗೆ ಬರುತ್ತದೆ.

ಪುಸ್ತಕವನ್ನು ಆ ಸಹೋದರರಿಗೆ ಹಿಂದಿರುಗಿಸಿದೆವು. “ಮಗಳು ಓದಲಿ. ಚಿಕ್ಕ ಮಕ್ಕಳಿಗೆ ಸಿಗದಂತೆ ಇಡಿ. ಓದಿ ಮುಗಿದ ಮೇಲೆ ಅನುಮಾನ ಇದ್ದರೆ ನಿಮ್ಮೊಡನೆ ಬಂದು ಕೇಳಲಿ” ಎಂದೆವು. ಮರುದಿನ ಅವರು ನಗುತ್ತಾ ಬಂದರು. ಮಗಳು ಕೇಳಿದ್ದು ಒಂದೇ ಪ್ರಶ್ನೆಯಂತೆ: “ಉಸ್ತಾದರು ನಿಜವಾಗಿ ಪೂರ್ತಿ ಓದಿದರಾ?” ಮಕ್ಕಳು ನಮ್ಮಿಂದ ಬಯಸುವುದು ಇಷ್ಟನ್ನೇ ಎಂದು ಕಾಣುತ್ತದೆ. ಹೌದು ಎನ್ನುವ ಮೊದಲೂ ಬೇಡ ಎನ್ನುವ ಮೊದಲೂ ನಾವು ಪೂರ್ತಿ ಓದಬೇಕು, ಪೂರ್ತಿ ಕೇಳಬೇಕು, ಎದುರಿನ ಮುಖವನ್ನು ನೋಡಬೇಕು.

ಯಾ ಅಲ್ಲಾಹ್, ನಮ್ಮ ನಾಲಿಗೆಯಿಂದ, ಕೈಯಿಂದ ಯಾರಿಗೆಲ್ಲ ನೋವಾಗಿದೆಯೋ ಅವರ ಮನಸ್ಸಿಗೆ ತಂಪು ನೀಡು. ಅವರಲ್ಲಿ ಕ್ಷಮೆ ಕೇಳುವ ಧೈರ್ಯವನ್ನು ನಮಗೆ ಸಾವಿಗೆ ಮೊದಲೇ ಕೊಡು. ನಮ್ಮ ಮಸೀದಿಯಿಂದ ದೂರವಾದವರನ್ನು ನಮ್ಮ ಸಫ್ಫಿಗೆ ಮರಳಿ ತಾ. ಆಮೀನ್, ಯಾ ರಬ್ಬಲ್ ಆಲಮೀನ್.